ಪ್ಟೋಸಿಸ್‌ಗೆ ಕನ್ನಡದಲ್ಲಿ ಏನನ್ನಬೇಕು? ನಾಳೆ ಅಚ್ಚಿಗೆ ಹೋಗಬೇಕು

ಮಡಿಕೇರಿಯಿಂದ:
ಹಾವು ಕಡಿತಕ್ಕೆ ದಾಖಲಾದವರ ಮಂಚಕ್ಕೆ ತೂಗುಹಾಕುವ ನಿಗಾ ಪಟ್ಟಿ ಕನ್ನಡದಲ್ಲಿ ಸಿದ್ಧವಾಗಿದೆ, ಮೇಲಿನ ರೆಪ್ಪೆ ಎತ್ತಲಾಗದೆ ಇಳಿಬೀಳುವ ಪ್ಟೋಸಿಸ್ ಒಂದು ಬಾಕಿ. ಕಟ್ಟುಹಾವು ಕಡಿದರೆ ಊತವಿರದು, ನೋವು ಕಡಿಮೆ, ಎಷ್ಟೋ ಸಲ ಹಲ್ಲಿನ ಗುರುತೂ ಸಿಗದು. ರಾತ್ರಿ ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವೆಂದು ಬಂದರೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಕಳಿಸುವ ಅಪಾಯವಿದೆ. ಇದನ್ನು ಹಿಡಿದುಕೊಡುವುದು ಪ್ಟೋಸಿಸ್: ಮೇಲೆ ನೋಡಲು ಹೇಳಿದಾಗ ಹಣೆ ಸುಕ್ಕಾಗಿ ಹುಬ್ಬು ಏರಿದರೂ ಮೇಲಿನ ರೆಪ್ಪೆ ಕರಿಗುಡ್ಡೆಯನ್ನು ಅರ್ಧ ಮುಚ್ಚಿಕೊಂಡೇ ಇರುತ್ತದೆ. ಸದ್ಯಕ್ಕೆ 'ನಿದ್ದೆಗಣ್ಣು' ಎಂದು ಹಾಕಿದ್ದೇವೆ. ನಡೆಯುತ್ತದೆಯೇ?

ಮೈಸೂರಿನಿಂದ:
'ಎವೆಜೋಲು'. ಹಳಗನ್ನಡದ ಎಮೆಯೇ ಎವೆ, ತಮಿಳಿನ ಇಮೈ ಅದರ ಒಡಹುಟ್ಟು. ಎವೆಯಿಕ್ಕದೆ ನೋಡಿದ ಅನ್ನುವುದಿಲ್ಲವೇ? ಗ್ರೀಕಿನಲ್ಲಿ ಪ್ಟೋಸಿಸ್ ಎಂದರೆ ಬೀಳುವುದು, ಅಷ್ಟೇ. ವ್ಯಾಕರಣದ ವಿಭಕ್ತಿಗೂ ಅವರು ಅದೇ ಪದ ಇಟ್ಟುಕೊಂಡರು! ಅವರಿಗೆ ಆಡುಮಾತು ಸಾಕಾಯಿತು, ನಮಗೆ ಸಾಲದೇ?

ಉಡುಪಿಯಿಂದ:
ಹೊಸದಾಗಿ ಹೊಸೆಯುವುದೇಕೆ? ಸುಶ್ರುತದಲ್ಲಿ 'ವಾತಹತವರ್ತ್ಮ' ಇದೆ, ವಾತದಿಂದ ಕೆಟ್ಟ ರೆಪ್ಪೆ ಎಂದು.

ಗೋಣಿಕೊಪ್ಪದಿಂದ:
ಅದನ್ನು ಓದಿ ಮುಗಿಸುವಷ್ಟರಲ್ಲಿ ರೋಗಿಯ ಉಸಿರು ನಿಂತಿರುತ್ತದೆ ಸ್ವಾಮಿ.

ನಿದ್ದೆಗಣ್ಣು ಖಂಡಿತ ಬೇಡ. ರೋಗಿಗೆ ಎಚ್ಚರವಿದೆ, ಮಾತು ಕೇಳಿಸುತ್ತದೆ, ರೆಪ್ಪೆ ಎತ್ತಲು ಶಕ್ತಿಯಿಲ್ಲ. ಲಕ್ವ ಮೈಯೆಲ್ಲ ಆವರಿಸಿದಾಗ ಮಿದುಳೇ ಸತ್ತಿದೆ ಎಂದು ಮೋಸಹೋಗುವುದು ಇಲ್ಲೇ. 'ಕಣ್ಣು ಮುಚ್ಚಿದೆ' ಎಂದೂ ಬರೆಯಬೇಡಿ, ಹೊರಗೆ ಕೂತ ಮನೆಯವರು ಗೋಳಾಡಿಯಾರು. ಇನ್ನು ಎವೆ: ತೋಟದ ಲೈನ್ ಮನೆಗಳ ಕೂಲಿಯವರಿಗೆ ಬಿಡಿ, ನಮ್ಮ ನರ್ಸುಗಳಿಗೂ ಅದು ರೆಪ್ಪೆಯ ಕೂದಲು.

'ರೆಪ್ಪೆ ಜೋತುಬಿದ್ದಿದೆ' ಎಂದು ಹಾಕಿ, ಪಕ್ಕದಲ್ಲಿ ಎರಡು ರೆಪ್ಪೆಗಳ ನಡುವಿನ ತೆರಪು ಎಷ್ಟು ಮಿಲಿಮೀಟರ್ ಎಂದು ಬರೆಯಲು ಜಾಗ ಬಿಡಿ. ಅದರ ಕೆಳಗೆ ಇನ್ನೆರಡು ಸಾಲು: ದಿಂಬಿನಿಂದ ತಲೆ ಎತ್ತುತ್ತಾರಾ, ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆ. ಎಣಿಕೆ ಇಳಿಯುತ್ತಾ ಬಂದರೆ ಆಕ್ಸಿಜನ್ ಅಂಕಿ ಬೀಳುವ ತನಕ ಕಾಯದೆ ಟ್ಯೂಬ್ ಹಾಕಲು ಅಣಿಯಾಗಬೇಕು. ಸ್ನಾಯುಗಳಿಗೆ ಬಲ ಮರಳಿಸಲು ಕೊಡುವ ನಿಯೋಸ್ಟಿಗ್ಮಿನ್ ಚುಚ್ಚುಮದ್ದು ನಾಗರಹಾವಿನ ವಿಷಕ್ಕೆ ಕೆಲಸಮಾಡಿದಂತೆ ಇದಕ್ಕೆ ಮಾಡದು, ಕಟ್ಟುಹಾವಿನ ವಿಷ ನರದ ತುದಿಯನ್ನೇ ಕೆಡಿಸುತ್ತದೆ. ಹಾವಿನ ವಿಷಕ್ಕೆ ಪ್ರತಿವಿಷವಾದ ಎಎಸ್‌ವಿ ಕೊಟ್ಟ ಮೇಲೂ ದಿನಗಟ್ಟಲೆ ವೆಂಟಿಲೇಟರ್ ಬೇಕಾದೀತು.

ಮೈಸೂರಿನಿಂದ:
ರೆಪ್ಪೆ ತೆಲುಗಿನವರದ್ದೂ ಹೌದು.

ಗೋಣಿಕೊಪ್ಪದಿಂದ:
ಟ್ಯೂಬು, ವೆಂಟಿಲೇಟರ್ ಎರಡನ್ನೂ ನುಂಗಿಕೊಂಡು ರೆಪ್ಪೆಗೆ ತಕರಾರೇ ಮೇಷ್ಟ್ರೇ?

ಮೈಸೂರಿನಿಂದ:
ರೆಪ್ಪೆ ಇರಲಿ. ಆದರೆ 'ಜೋತುಬಿದ್ದಿದೆ' ತಪ್ಪು. ಕೊಂಬೆಗೆ ಬಾವಲಿ ಜೋತುಬೀಳುತ್ತದೆ. ರೆಪ್ಪೆ ಜೋಲುಬೀಳುತ್ತದೆ.

ಮಡಿಕೇರಿಯಿಂದ:
'ರೆಪ್ಪೆ ಜೋಲುಬಿದ್ದಿದೆ' ಎಂದೇ ಅಚ್ಚಿಗೆ ಕೊಟ್ಟೆ.