ಗಜಾನಿಯಾ ಹೂವು ನಾಲ್ಕಕ್ಕೇ ಮುದುಡುತ್ತದೆ, ಗಿಡ ನೀರು ಹಾಕಿದಷ್ಟೂ ಬಾಡುತ್ತದೆ

ಪ್ರಶ್ನೆ (ರಾಯಚೂರಿನಿಂದ):
ಜನವರಿಯಲ್ಲಿ ನರ್ಸರಿಯಿಂದ ಹನ್ನೆರಡು ಹಳದಿ ಗಜಾನಿಯಾ ಸಸಿ ತಂದೆ, ಒಂದಕ್ಕೆ 25 ರೂಪಾಯಿ. ಎಂಟನ್ನು ಗೇಟಿನ ಪಕ್ಕದ ಎರೆ ಮಣ್ಣಿನಲ್ಲಿ ಸಾಲಾಗಿ ನೆಟ್ಟೆ, ನಾಲ್ಕನ್ನು ಕುಂಡದಲ್ಲಿಟ್ಟು ಮಾಳಿಗೆಗೆ ಏರಿಸಿದೆ. ನರ್ಸರಿಯಲ್ಲಿ ಅಂಗೈ ತುಂಬುವಂತೆ ಅರಳಿದ್ದ ಹೂವು ನನ್ನ ಮನೆಯಲ್ಲಿ ಮಡಚಿಟ್ಟ ಕೊಡೆ. ನಾನು ಕೆಲಸಕ್ಕೆ ಹೊರಡುವುದು ಬೆಳಗ್ಗೆ ಏಳೂವರೆಗೆ, ಮರಳುವುದು ಸಂಜೆ ಆರಕ್ಕೆ. ಎರಡು ಹೊತ್ತೂ ಮುಚ್ಚಿಯೇ ಇರುತ್ತದೆ. ಅರಳಿದ್ದನ್ನು ನೋಡುವ ಭಾಗ್ಯ ನಮ್ಮ ಅತ್ತೆಯವರದು. ಗೇಟಿನ ಬಳಿಯದು ನಾಲ್ಕಕ್ಕೇ ಮುದುಡುತ್ತದೆಯಂತೆ. "ಮುಡಿಯುವುದಕ್ಕೂ ಇಲ್ಲ, ದೇವರಿಗೂ ಇಲ್ಲ, ದುಡ್ಡು ದಂಡ" ಎನ್ನುತ್ತಾರೆ.

ಅದು ಹೋಗಲಿ. ನೆಲದ ಎಂಟರಲ್ಲಿ ಐದು ಸತ್ತವು. ದಿನಕ್ಕೆರಡು ಬಾರಿ ನೀರು ಹಾಕಿದವಳು ನಾನು! ಎಲೆ ಜೋತುಬಿದ್ದಿದೆ ಎಂದು ಇನ್ನೊಂದು ಕೊಡ ಸುರಿದರೆ ಮರುದಿನ ಇನ್ನಷ್ಟು ಜೋತುಬೀಳುತ್ತಿತ್ತು. ಒಂದನ್ನು ಎಳೆದೆ, ಸಲೀಸಾಗಿ ಕೈಗೆ ಬಂತು. ಬೇರು ಕಂದು ಬಣ್ಣಕ್ಕೆ ತಿರುಗಿತ್ತು, ಸಿಪ್ಪೆ ಬೆರಳಿಗೇ ಕಳಚಿಕೊಂಡಿತು, ಕೊಳೆತ ವಾಸನೆ ಬೇರೆ. ಕುಂಡದ ನಾಲ್ಕೂ ಗಟ್ಟಿಮುಟ್ಟಾಗಿವೆ. ಗೊಬ್ಬರ ಕಡಿಮೆಯಾಯಿತೇ?

ಉತ್ತರ (ಬಳ್ಳಾರಿಯಿಂದ):
ಅಕ್ಕ, ಮುದುಡುವುದು ರೋಗವಲ್ಲ, ಅದರ ಸ್ವಭಾವ. ಆಫ್ರಿಕಾದ ದಕ್ಷಿಣ ಭಾಗದ ಗಿಡ ಅದು. ಬಿಸಿಲು ಬಿದ್ದರೆ ಬಿಚ್ಚುತ್ತದೆ, ಸಂಜೆಯಾದರೆ ಮುಚ್ಚುತ್ತದೆ, ಮೋಡ ಕವಿದ ದಿನ ಸರಿಯಾಗಿ ಅರಳುವುದೇ ಇಲ್ಲ. ಆದರೆ ನಾಲ್ಕಕ್ಕೇ ಮುಚ್ಚುತ್ತದೆ ಎಂದರೆ ಪಶ್ಚಿಮಕ್ಕೆ ಗೋಡೆಯೋ ಬೇವಿನ ಮರವೋ ಇರಬೇಕು, ನೋಡಿ.

ಉತ್ತರ (ಕೊಪ್ಪಳದಿಂದ):
ಗೊಬ್ಬರವಲ್ಲ, ಕೊಂದದ್ದು ನೀರು. ಎರೆ ಮಣ್ಣು ಕುಡಿದ ನೀರನ್ನು ಬೇಗ ಬಿಡುವುದಿಲ್ಲ. ಗಾಳಿಯಿಲ್ಲದೆ ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರನ್ನು ಎಳೆಯಲಾರದು, ಆದ್ದರಿಂದ ಒದ್ದೆ ಮಣ್ಣಿನಲ್ಲೇ ಗಿಡ ಬಾಡುತ್ತದೆ. ನೀವು ಬಾಯಾರಿಕೆ ಎಂದುಕೊಂಡು ಮತ್ತೆ ಸುರಿಯುತ್ತೀರಿ. ಎಲೆಯನ್ನು ತಿರುಗಿಸಿ ನೋಡಿ: ಅಡಿಯಲ್ಲಿ ಬೆಳ್ಳಗೆ ಉಣ್ಣೆಯಂಥ ರೋಮವಿದೆ. ಒಣ ಸೀಮೆಯಲ್ಲಿ ಬದುಕಲು ಬಂದ ಗಿಡದ ಹೊದಿಕೆ ಅದು.

ಉಳಿದ ಮೂರನ್ನು ಮಣ್ಣಿನ ಹೆಂಟೆ ಸಮೇತ ಎತ್ತಿ. ಕಪ್ಪಾದ ಬೇರನ್ನು ಕತ್ತರಿಸಿ. ಗೇಣಿನಷ್ಟು ಎತ್ತರಕ್ಕೆ ಗರಸು, ಮರಳು, ಸ್ವಲ್ಪ ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿದ ಮಡಿ ಮಾಡಿ ನೆಡಿ. ಬೆರಳಿನ ಎರಡು ಗೆಣ್ಣು ಒಳಗೆ ಚುಚ್ಚಿದಾಗ ಒಣಗಿದ್ದರೆ ಮಾತ್ರ ನೀರು, ಅದೂ ಬುಡಕ್ಕೆ. ಬಾಡಿದ ಹೂವನ್ನು ತೊಟ್ಟಿನ ಸಮೇತ ಕೀಳುತ್ತಿದ್ದರೆ ಹೊಸ ಮೊಗ್ಗು ಬರುತ್ತದೆ. ನಮ್ಮ ಸೀಮೆಯಲ್ಲಿ ಇದು ಚಳಿಗಾಲದ ಹೂವು, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿತ್ತಬೇಕು. ಮಳೆಗಾಲ ದಾಟಿಸುವುದು ಕಷ್ಟ, ಆಸೆ ಇಟ್ಟುಕೊಳ್ಳಬೇಡಿ.

ಇನ್ನು ಅತ್ತೆಯವರಿಗೆ ಹೇಳಿ, ಇದು ಪರದೇಶಿಯಾದರೂ ನೆಂಟರು ನಮ್ಮ ಹೊಲದಲ್ಲೇ ಇದ್ದಾರೆ. ಸೂರ್ಯಕಾಂತಿ, ಕುಸುಬೆ, ಗುರೆಳ್ಳು, ಅವರು ದೇವರಿಗೆ ಏರಿಸುವ ಸೇವಂತಿಗೆ, ಚೆಂಡು ಹೂವು ಎಲ್ಲವೂ ಒಂದೇ ಕುಟುಂಬ. ನಾವು ಒಂದು ಹೂವು ಎನ್ನುವುದು ನೂರಾರು ಪುಟ್ಟ ಹೂಗಳ ಗುಂಪು.

ಪ್ರಶ್ನೆ ಕೇಳಿದವರು:
ಪಶ್ಚಿಮಕ್ಕೆ ಪಕ್ಕದ ಮನೆಯವರ ನೀರಿನ ಟ್ಯಾಂಕ್ ಇದೆ, ಮೂರೂವರೆಗೇ ನೆರಳು! ಮೂರನ್ನೂ ಎತ್ತಿ ಮಾಳಿಗೆಯ ಮೇಲೆ ಅಗಲ ಕುಂಡದಲ್ಲಿಟ್ಟೆ. ಒಂದು ಉಳಿಯಲಿಲ್ಲ. ಭಾನುವಾರ ಹನ್ನೊಂದು ಗಂಟೆಗೆ ಮೇಲೆ ಹೋದರೆ ಆರು ಹೂವು ಬಾಯ್ತೆರೆದು ಕೂತಿದ್ದವು, ಪ್ರತಿ ಎಸಳಿನ ಬುಡದಲ್ಲೂ ಕಾಡಿಗೆಯಂಥ ಚುಕ್ಕೆ. ಬಿಸಿಲಿಗೆ ತಲೆ ಕಾದರೂ ಅರ್ಧ ಗಂಟೆ ನಿಂತೆ.

ಗುರೆಳ್ಳಿನ ನೆಂಟಸ್ತನವನ್ನು ಅತ್ತೆಯವರಿಗೆ ಹೇಳಿದೆ. "ಹಾಗಾದರೆ ಬೀಜ ಕಟ್ಟಲಿ ಬಿಡು, ಚಟ್ನಿಪುಡಿ ಆಗುತ್ತದೇನೋ ನೋಡೋಣ" ಎಂದರು.