ಟಿಬಿ ಮಾತ್ರೆ ತಗೊಳ್ಳುವಾಗ ಕಣ್ಣು ಮಂಜಾದರೆ ಏನು ಮಾಡಬೇಕು?

ಅಂಕೋಲಾದಿಂದ:
ನಮ್ಮ ಆಯಿಗೆ ಶ್ವಾಸಕೋಶದ ಟಿಬಿ. ಮಾತ್ರೆ ಶುರುವಾಗಿ ಇದು ನಾಲ್ಕನೇ ತಿಂಗಳು. ಕೆಮ್ಮು, ಜ್ವರ ಹೋಗಿದೆ, ಊಟವೂ ಸೇರುತ್ತಿದೆ. ಆದರೆ ಈಚೆಗೆ ಎರಡೂ ಕಣ್ಣು ಮಂಜು ಅನ್ನುತ್ತಾಳೆ. ನೋವಿಲ್ಲ, ಕೆಂಪಾಗಿಲ್ಲ. ಕನ್ನಡಕ ಬದಲಿಸಿದರೆ ಸಾಕಾ, ಮಾತ್ರೆ ನಿಲ್ಲಿಸಬೇಕಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಕುಮಟಾದಿಂದ:
ತಂಗಿ, ಕನ್ನಡಕದ ಅಂಗಡಿ ಆಮೇಲೆ. ನಾಳೆಯ ಡೋಸ್ ನುಂಗುವ ಮೊದಲೇ ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ತೋರಿಸು. ನಮ್ಮ ಅತ್ತೆಗೂ ಹೀಗೇ ಆಗಿತ್ತು. ಬಂಗಡೆ ತಗೊಳ್ಳುವಾಗ ಕಿವಿರು ಎತ್ತಿ, ಕೆಂಪಗಿದ್ದರೆ ಮಾತ್ರ ಚೀಲಕ್ಕೆ ಹಾಕಿಸಿಕೊಳ್ಳುವವರು ಅವರು. ಒಂದು ದಿನ "ಎಲ್ಲ ಬೂದಿ ಬಣ್ಣ, ಹಳೇ ಮೀನು" ಅಂತ ಮೀನಿನವಳ ಜೊತೆ ಜಗಳಕ್ಕೇ ನಿಂತರು. ನಾನು ನೋಡಿದರೆ ಕಿವಿರು ಕೆಂಪಗೇ ಇತ್ತು. ಆಗಲೇ ಏನೋ ಸರಿಯಿಲ್ಲ ಅನಿಸಿತು.

ಟಿಬಿ ಮಾತ್ರೆಯಲ್ಲಿರುವ ಎಥಾಂಬ್ಯುಟಾಲ್ ಅನ್ನುವ ಔಷಧಿ ಕೆಲವರಿಗೆ ಕಣ್ಣಿನ ನರಕ್ಕೆ ಪೆಟ್ಟು ಕೊಡುತ್ತದೆ. ಸಾಮಾನ್ಯವಾಗಿ ಶುರುಮಾಡಿ ಎರಡು ತಿಂಗಳು ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ. ನೋವಿರುವುದಿಲ್ಲ. ಕೆಂಪು-ಹಸಿರು ಮಾಸುತ್ತದೆ, ನೇರ ನೋಡಿದ ಜಾಗವೇ ಮಸುಕಾಗುತ್ತದೆ. ನರದ ತೊಂದರೆ ಆದ್ದರಿಂದ ಯಾವ ಕನ್ನಡಕಕ್ಕೂ ಸರಿಹೋಗುವುದಿಲ್ಲ. ಶುರುವಿನಲ್ಲಿ ಕಣ್ಣಿನ ಒಳಗೆ ಲೈಟ್ ಬಿಟ್ಟು ನೋಡಿದರೂ ಏನೂ ಕಾಣದೇ ಇರಬಹುದು. ಅದಕ್ಕೇ ಬಣ್ಣದ ಚುಕ್ಕೆಗಳ ನಡುವೆ ಅಂಕಿ ಅಡಗಿರುವ ಇಶಿಹಾರಾ ಪುಸ್ತಕ ತೋರಿಸಿ ಪರೀಕ್ಷೆ ಮಾಡಿ ಅಂತ ನೀನೇ ಕೇಳು. ಅತ್ತೆ ಮೊದಲ ಹಾಳೆಯ 12 ಓದಿದರು. ಮುಂದಿನ ಹಾಳೆಗಳಲ್ಲಿ ಬರೀ ಚುಕ್ಕೆ ಅಂದರು.

ಇನ್ನೊಂದು ಮಾತು. ಈ ಔಷಧಿ ಬೇರೆಯದರ ಜೊತೆ ಒಂದೇ ಮಾತ್ರೆಯಲ್ಲಿ ಸೇರಿರುತ್ತದೆ. ಮನೆಯಲ್ಲಿ ಕೂತು ಅದೊಂದನ್ನೇ ಬಿಡಲು ಬರುವುದಿಲ್ಲ. ಹೆದರಿ ಎಲ್ಲವನ್ನೂ ಬಿಟ್ಟು ಕೂತರೆ ಟಿಬಿ ಮತ್ತೆ ತಲೆಯೆತ್ತುತ್ತದೆ. ಅತ್ತೆಗೆ ಡಾಕ್ಟರು ಎಥಾಂಬ್ಯುಟಾಲ್ ತೆಗೆದು ಉಳಿದವನ್ನು ಬಿಡಿಯಾಗಿ ಬರೆದುಕೊಟ್ಟರು. ಪೇಪರ್ ಓದುವಷ್ಟು ದೃಷ್ಟಿ ಬರಲು ತಿಂಗಳುಗಳೇ ಹಿಡಿದವು. ಕೆಂಪು ಈಗಲೂ ಸ್ವಲ್ಪ ಮಾಸಲು. ಎಲ್ಲರಿಗೂ ಪೂರ್ತಿ ವಾಪಸ್ ಬರುವುದಿಲ್ಲ, ತಡವಾದಷ್ಟೂ ಕಷ್ಟ ಜಾಸ್ತಿ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಶಿರಸಿಯಿಂದ:
ಆಯಿಗೆ ಶುಗರ್, ಬಿಪಿ ಇದೆಯಾ? ಕಿಡ್ನಿ ಪರೀಕ್ಷೆ ಆಗಿದೆಯಾ? ಈ ಔಷಧಿ ಹೆಚ್ಚಾಗಿ ಕಿಡ್ನಿಯ ಮೂಲಕವೇ ಹೊರಗೆ ಹೋಗುವುದು. ಕಿಡ್ನಿ ಸೋತಿದ್ದರೆ ಮೈಯಲ್ಲೇ ಉಳಿದು ಕಣ್ಣಿಗೆ ಅಪಾಯ ಜಾಸ್ತಿ. ನಮ್ಮ ಅಪ್ಪಯ್ಯನಿಗೆ ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ನೋಡಿದ ಮೇಲೆ ಡೋಸನ್ನೇ ಬದಲಿಸಿದರು, ಕಣ್ಣಿಗೆ ಏನೂ ಆಗಲಿಲ್ಲ. ತೂಕವನ್ನೂ ಹೇಳಿ. 35ರಿಂದ 49 ಕಿಲೋ ಇದ್ದರೆ ದಿನಕ್ಕೆ 3, 50ರಿಂದ 64 ಇದ್ದರೆ 4, ಹೀಗೆ ತೂಕ ನೋಡಿಯೇ ಮಾತ್ರೆ ಕೊಡುವುದು.

ಕಾರವಾರದಿಂದ, ಟಿಬಿ ರೋಗಿಗಳ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆ:
ಮೂತ್ರ ಕಿತ್ತಳೆ ಬಣ್ಣಕ್ಕೆ ಬಂತು ಅಂತ ಓಡಿ ಬರುತ್ತಾರೆ. ಅದು ಟಿಬಿ ಮಾತ್ರೆಯಲ್ಲೇ ಇರುವ ರಿಫಾಂಪಿಸಿನ್ ಅನ್ನುವ ಔಷಧಿಯ ಬಣ್ಣ, ಹೆದರಬೇಡಿ. ಕಣ್ಣು ಮಂಜಾದರೆ ಮಾತ್ರ "ವಯಸ್ಸಾಯ್ತು, ಪೊರೆ ಬಂದಿರಬೇಕು" ಅಂತ ಸುಮ್ನೆ ಇರುತ್ತಾರೆ. ಓಡಿ ಬರಬೇಕಾದದ್ದು ಇದಕ್ಕೆ, ಅಲ್ವಾ? ಮಾತ್ರೆ ತಗೊಳ್ಳುವವರು ಆಗಾಗ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಪೇಪರ್ ಓದಿ ನೋಡಿ. ಮಾತ್ರೆಗೆ ಬಗ್ಗದ ಟಿಬಿಗೆ ಕೊಡುವ ಲಿನೆಜೋಲಿಡ್ ಕೂಡ ತಿಂಗಳುಗಟ್ಟಲೆ ತಗೊಂಡರೆ ಕಣ್ಣಿನ ನರಕ್ಕೆ ತೊಂದರೆ ಕೊಡಬಹುದು. ಪಾದ ಜೋಮು ಹಿಡಿದರೆ ಅದನ್ನೂ ಹೇಳಿ.

ಹುಬ್ಬಳ್ಳಿ, ಮಣಿಪಾಲ ಅಂತ ಬಸ್ಸಿಗೆ ಕಾಯುತ್ತಾ ದಿನ ಕಳೆಯಬೇಡಿ. ಇಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೂ ಕಣ್ಣಿನ ವಿಭಾಗ ಇದೆ. ಏನೂ ತೋಚದಿದ್ದರೆ ಟಿಬಿ ಸಹಾಯವಾಣಿ 1800-11-6666, ಕರೆ ಉಚಿತ. ಹೋಗುವಾಗ ಮಾತ್ರೆಯ ಸ್ಟ್ರಿಪ್, ಚಿಕಿತ್ಸಾ ಕಾರ್ಡ್, ಹಳೇ ಕನ್ನಡಕ ಮೂರನ್ನೂ ಚೀಲಕ್ಕೆ ಹಾಕಿಕೊಳ್ಳಿ.