ಬ್ಯಾಂಕಿನ ನೌಕರಿಗೆ ಇಳಕಲ್ ಸೀರಿ ನಡೀತೈತೇನ್ರಿ?

ನವನಗರದಾಕಿ:
ಎಲ್ಲಾರಿಗೂ ನಮಸ್ಕಾರ್ರಿ. ಬರೋ ಸೋಮವಾರ ಬಾಗಲಕೋಟಿ ನವನಗರದಾಗ ಒಂದು ಸಹಕಾರಿ ಬ್ಯಾಂಕಿಗೆ ಸೇರಾಕತ್ತೀನಿ. ಇಂಥಾದ್ದ ಹಾಕ್ಕೊಂಡ ಬರಬೇಕಂತ ಏನೂ ಹೇಳಿಲ್ಲ, "ನೀಟಾಗಿ ಬರ್ರಿ" ಅಂದಾರ ಅಷ್ಟ. ಅವ್ವ ತನ್ನ ಇಳಕಲ್ ಸೀರಿ ಟ್ರಂಕಿನಿಂದ ತಗದ ಕೊಟ್ಟಾಳ. ಗೆಳತ್ಯಾರು ನೋಡಿದ್ರ, "ಅದು ರಾಜ್ಯೋತ್ಸವಕ್ಕ ಅಷ್ಟ ಚಂದ, ಆಫೀಸಿಗೆ ಉಟ್ಟರ ಹಳ್ಳಿಯಾಕಿ ಅಂತಾರ" ಅಂತಾರ. ಅದ ವಾರ ನಮ್ಮ ಮ್ಯಾನೇಜರ್ ಸಾಹೇಬ್ರ ಮಗಳ ಲಗ್ನನೂ ಐತಿ. ಎರಡಕ್ಕೂ ಏನ್ ಚಲೋ ಹೇಳ್ರಿ. ಬ್ಯಾಸಗಿ ಬ್ಯಾರೆ.

ಇಳಕಲ್ಲ ಸೊಸಿ:
ತಂಗಿ, ಅವ್ವ ಕೊಟ್ಟ ಸೀರಿನ ಉಟ್ಕೊಂಡ ಹೋಗವಾ. ನಾನು ಸರ್ಕಾರಿ ಕಚೇರಿಯಾಗ ಸರ್ವಿಸ್ ಮುಗಿಸಿದಾಕಿ. ಮೀಟಿಂಗ್ ಇರ್ಲಿ, ಆಡಿಟ್ ಇರ್ಲಿ, ಇಳಕಲ್ ಉಟ್ಟಿದ್ದಕ್ಕ ಯಾರೂ ನನಗ ಕಡಿಮಿ ಮರ್ಯಾದಿ ಕೊಟ್ಟಿಲ್ಲ.

ಆದ್ರ ಯಾವ ಇಳಕಲ್ ಅನ್ನೋದು ನೋಡ್ಬೇಕು. ಆಫೀಸಿಗೆ ಒಡಲು (ಸೆರಗು ಬಿಟ್ಟು ಉಳಿದ ಭಾಗ) ಪೂರಾ ಹತ್ತಿದ್ದು, ಸಣ್ಣ ಚೌಕಡಿ ಇಲ್ಲಾ ಸಣ್ಣ ಗೆರಿ ಇರೋದು ತಗೋ. ದಾಳಿಂಬ್ರಿ ಬಣ್ಣ, ನೀಲಿ, ಎಲಿ ಹಸರು ಚಂದ ಕಾಣ್ತಾವ. ತೆಳ್ಳಗ ಗಂಜಿ ಹಾಕಿ ಇಸ್ತ್ರಿ ಮಾಡಿದ್ರ ಸಂಜೀತನ ನಿರಿಗಿ ಕೆಡೂದಿಲ್ಲ. ನಮ್ಮ ಕಡೆ ಏಪ್ರಿಲ್, ಮೇದಾಗ 40 ಡಿಗ್ರಿ ದಾಟ್ತೈತಿ, ಪಾಲಿಸ್ಟರ್ ಉಟ್ಟು ಕೌಂಟರ್‌ನ್ಯಾಗ ಕುಂತ್ರ ಮೈಯೆಲ್ಲಾ ಬೆವತು ಹೋಗ್ತೈತಿ. ರೇಷ್ಮಿ ಒಡಲಿಂದು ಲಗ್ನಕ್ಕ ಇಡು.

ನಮ್ಮ ಮಾವನಾರ ಮನ್ಯಾಗ ಮಗ್ಗ ಇತ್ತು, ಅದಕ್ಕ ಒಂದ್ ಮಾತ ಹೇಳ್ತೀನಿ. ಅವ್ವನ ಸೀರಿ ಬಿಚ್ಚಿ, ಒಡಲು ಮುಗಿದು ಕೆಂಪ ಸೆರಗು ಸುರು ಆಗೋ ಜಾಗ ಬೆಳಕಿಗೆ ಹಿಡಿದ ನೋಡು. ಒಡಲಿನ ಹಾಸು ಎಳಿ (ಉದ್ದಕ್ಕ ಹೋಗೋ ದಾರ), ಸೆರಗಿನ ಹಾಸು ಎಳಿ ಬ್ಯಾರೆ ಬ್ಯಾರೆ ಇರ್ತಾವ. ಒಂದೊಂದು ಎಳಿಗೂ ಕೊಂಡಿ ಹಾಕಿ ಕೂಡಿಸಿರ್ತಾರ. ಇದಕ್ಕ ಕೊಂಡಿ ಕೆಲಸ ಅಂತಾರ. ಈ ಕೆಲಸ ಇದ್ದ ಸೀರಿನ ಖರೇ ಇಳಕಲ್. ಪ್ರಿಂಟ್ ಹೊಡದು ಇಳಕಲ್ ಅಂತ ಮಾರೋದ್ರಾಗ ಇದು ಇರೂದಿಲ್ಲ. ಇಷ್ಟು ಕೈಕೆಲಸ ಇರೋ ಸೀರಿ ಉಟ್ಟಾಕಿಗೆ ಹಳ್ಳಿಯಾಕಿ ಅನ್ನೋರು ಸೆರಗು ಒಮ್ಮೆರ ಹತ್ರದಿಂದ ನೋಡಿರಬೇಕಲ್ಲ!

ಜಂಪರಿಗೆ ಗುಳೇದಗುಡ್ಡದ ಖಣ ಹೊಲಿಸು. ಹೊಸಾದ ಕೊಳ್ಳೂದು ಬ್ಯಾಡ, ಉಡಿ ತುಂಬಿದಾಗ ಬಂದ ಖಣ ಮನ್ಯಾಗ ಇದ್ದ ಇರ್ತಾವ. ಅಂಚು ತೋಳಿನ ತುದಿಗೆ ಬರ್ಲಿ, ಒಳಗ ಹತ್ತಿ ಅಸ್ತರ ಹಾಕು ಅಂತ ಟೇಲರಗ ಮೊದಲ ಹೇಳು. ತೋಳು ಮೊಣಕೈತನ, ಹಿಂದ ಕೊಳ್ಳು ಭಾಳ ಇಳಿಸಬ್ಯಾಡ. ಹೊಗಳಿಕಿಗಲ್ಲ, ದಿನಾ ಎಂಟ ತಾಸು ಕುಂತು ಎದ್ದು ಮಾಡಾಕ ಅದ ಆರಾಮ.

ಒಗಿಯೂದು ಒಂದ್ ಹೇಳಿಬಿಡ್ತೀನಿ: ಸುರುವಾತಿಗೆ ತಣ್ಣೀರಿಗೆ ಉಪ್ಪ ಹಾಕಿ ಸೆರಗಷ್ಟ ಬ್ಯಾರೆ ಅದ್ದು. ಕೆಂಪ ಬಣ್ಣ ಒಡಲಿಗೆ ಹತ್ತಬಾರದು.

ವಿಜಯಪುರದವ:
ಅಕ್ಕಾರ ಹೇಳಿದ್ದು ಬರೋಬ್ಬರಿ ಐತಿ. ನಮ್ಮ ಮನಿಯಾಕಿ ಬಸ್ಸಿಗೆ ಹೋಗಿ ಬರೋ ಟೀಚರ್, ದಿನಾ ಸೀರಿ ಆಗೂದಿಲ್ಲ ಅಂತ ಖಣದ್ದ ಕುರ್ತಾ ಹೊಲಿಸ್ಯಾಳ. ಖಣದ ಪನ್ನ (ಬಟ್ಟಿ ಅಗಲ) ಸಣ್ಣದು, ಅದಕ್ಕ ಮುಂದಿನ ಭಾಗಕ್ಕಷ್ಟ ಖಣ, ಉಳಿದದ್ದು ಸಾದಾ ಹತ್ತಿ ಬಟ್ಟಿ. ಕೆಳಗ ಸಾದಾ ಪ್ಯಾಂಟು. ಲಗ್ನಕ್ಕ ಮಾತ್ರ ಕರಿ ಸೀರಿ ಬ್ಯಾಡ್ರಿ, ಹಿರ್ಯಾರು ಮಾರಿ ಸಿಂಡರಿಸ್ತಾರ.

ಇಳಕಲ್ಲ ಸೊಸಿ:
ತಮ್ಮಾ, ಅದಕ್ಕ ನಾ ಒಪ್ಪೂದಿಲ್ಲ. ಮದಿಮಗಳಿಗೆ ಕಸೂತಿ ಹಾಕಿದ ಕರಿ ಚಂದ್ರಕಾಳಿ ಸೀರಿ ಕೊಡೋದು ನಮ್ಮ ಕಡೆ ಹಳೇ ಪದ್ಧತಿ. ಆದ್ರೂ ಹೊಸಾ ನೌಕರಿ, ಗುರ್ತಿಲ್ಲದ ಮನಿ, ಬ್ಯಾರೆ ಬಣ್ಣ ಉಟ್ಟರ ಯಾರ ಬಾಯಿಗೂ ಕೆಲಸ ಇಲ್ಲ. ಕಸೂತಿ ಸೀರಿ ಕೊಳ್ಳೂದಾದ್ರ ತಿರುವಿ ನೋಡು ತಂಗಿ. ಗವಂತಿ, ಮುರಗಿ ಹೊಲಿಗಿ ಮುಂದ ಹೆಂಗೋ ಹಿಂದನೂ ಹಂಗ ಕಾಣ್ತೈತಿ, ಗಂಟು ಇರೂದಿಲ್ಲ. ಹಿಂದ ಬಿಳಿ ದಾರ ತುಂಬಿದ್ರ ಅದು ಮಷೀನಿಂದು.

ಟಿಳಕವಾಡಿ ಹುಡುಗ:
ಬೆಳಗಾವಿಗೆ ಟ್ರೇನಿಂಗಿಗೆ ಕಳಿಸಿದ್ರ ಒಂದ್ ಸೂಚನಾ. ಜೂನದಿಂದ ಇಲ್ಲಿ ಮಳಿ ಬಿಡೂದಿಲ್ಲ, ಗಂಜಿ ಹಾಕಿದ ಹತ್ತಿ ಸೀರಿ ಅಂಚು ನೆನದು ಒಣಗೂದಿಲ್ಲ. ಆವಾಗ ಚೂಡಿದಾರ ಚಲೋ. ಚರ್ಮದ ಚಪ್ಪಲಿನೂ ಮಳಿಗಾಲ ಮುಗಿಯೂತನ ಒಳಗಿಡ್ರಿ. ಲಗ್ನಕ್ಕ ಮಾತ್ರ ಅಥಣಿ, ನಿಪ್ಪಾಣಿ ಕಡೆ ಮಾಡೋ ಕೊಲ್ಹಾಪುರಿ ಚಪ್ಪಲಿ ಇಳಕಲ್ಲಿಗೆ ಭಾಳ ಒಪ್ಪತಾವ. 2019ರಾಗ ಅದಕ್ಕ ಜಿಐ ಟ್ಯಾಗ್ (ಇಂಥಾ ಕಡೆದ್ದ ಮಾಲು ಅನ್ನೋ ಸರ್ಕಾರದ ಗುರ್ತು) ಸಿಕ್ಕಾಗ ನಮ್ಮ ಬೆಳಗಾವಿ, ಬಾಗಲಕೋಟಿ, ವಿಜಯಪುರ, ಧಾರವಾಡನೂ ಅದರಾಗ ಸೇರ್ಯಾವ. ಹೊಸಾ ಜೋಡು ಲಗ್ನದ ದಿನಾನ ಹಾಕ್ಕೋಬ್ಯಾಡ್ರಿ, ಎಣ್ಣಿ ಹಚ್ಚಿ ಮನ್ಯಾಗ ಅಡ್ಡಾಡಿ ಮೆತ್ತಗ ಮಾಡ್ಕೋರಿ.

ನವನಗರದಾಕಿ:
ಬೆಳಕಿಗೆ ಹಿಡಿದ ನೋಡ್ದೆ ಅಕ್ಕಾರ, ಕೊಂಡಿ ಕಾಣ್ತಾವ! ಅವ್ವಗೂ ತೋರ್ಸಿದೆ. ಸೋಮವಾರಕ್ಕ ಇದ. ಲಗ್ನಕ್ಕ ಅತ್ತಿಯವರ ಹಸರು ರೇಷ್ಮಿ ಕೇಳೀನಿ. ಟೇಲರ್ ಶನಿವಾರ ಕೊಡ್ತೀನಿ ಅಂದಾನ.